ಹಾಡುವ ತಾಯಿಯ ಬೆಳಗಿನ ಆರು ಗಂಟೆ

(ಧಾರವಾಡದಲ್ಲಿ ಸಂಗೀತ ಕಲಿಯುವ ಮತ್ತು ಕಲಿಸುವ ತಾಯಂದಿರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳಿವು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ಕಲೆ, ಸಂಸಾರ, ಆರೋಗ್ಯ ಈ ಮೂರನ್ನೂ ತಾಯಿಯಾದವಳು ಹೇಗೆ ತೂಗಿಸಿಕೊಂಡು ಹೋಗಬೇಕು ಅನ್ನೋದು. ಹಿಂದೆ ಕೂತಿರುವ ತಬಲಾದವರಿಗೂ ಇಬ್ಬರು ಮಕ್ಕಳಿದ್ದಾರೆ. ಹಾರ್ಮೋನಿಯಂನವರಿಗೆ ಮೊಮ್ಮಕ್ಕಳೇ ಇದ್ದಾರೆ. ಅವರನ್ನು ಯಾರೂ ಈ ವಿಷಯದ ಮೇಲೆ ಮಾತಾಡಿ ಅಂತ ಕರೆದಿಲ್ಲ ಅಂತ ಕಾಣುತ್ತೆ. ಅವರು ನಗುತ್ತಿದ್ದಾರೆ, ಅಂದರೆ ಕರೆದಿಲ್ಲ.

ನೇರವಾಗಿ ಆರು ಗಂಟೆಗೇ ಬರೋಣ. ಬೆಳಗಿನ ಆರು ಗಂಟೆ. ನಮ್ಮ ಸಂಗೀತದಲ್ಲಿ ಅದು ಚಿನ್ನದಂಥ ಹೊತ್ತು. ಖರ್ಜದ ಸಾಧನೆಗೆ, ಅಂದರೆ ಮಂದ್ರದ ತಗ್ಗು ಸ್ವರಗಳನ್ನು ಉದ್ದಕ್ಕೆ ಹಿಡಿದು ನಿಲ್ಲಿಸೋದಕ್ಕೆ, ಬೆಳಗಿನ ಗಂಟಲೇ ಬೇಕು. ಭೈರವ್ ರಾಗ ಕಲಿಯೋಕೂ ಅದೇ ಹೊತ್ತು. ಗುರುಗಳೆಲ್ಲ ಅದನ್ನೇ ಹೇಳುತ್ತಾರೆ, ನಾನೂ ನನ್ನ ಶಿಷ್ಯಂದಿರಿಗೆ ಅದನ್ನೇ ಹೇಳುತ್ತೇನೆ. ಆದರೆ ಮಕ್ಕಳಿರುವ ಮನೆಯಲ್ಲಿ ಆರು ಗಂಟೆ ಅಂದರೆ ಏನು? ಹಾಲು ಉಕ್ಕುವ ಹೊತ್ತು. ಡಬ್ಬಿಗೆ ಏನು ಹಾಕೋದು ಅನ್ನುವ ಹೊತ್ತು. ಒಂದು ಸಾಕ್ಸ್ ಸಿಕ್ಕಿದೆ, ಇನ್ನೊಂದು ಇಲ್ಲ. ಶಾಲೆ ವ್ಯಾನ್ ಓಣಿ ತುದಿಗೆ ಬಂದು ಹಾರ್ನ್ ಹಾಕುತ್ತಿದೆ. ಕುಕ್ಕರಿನ ಸೀಟಿ ನಿಮ್ಮ ಷಡ್ಜಕ್ಕೆ ಯಾವತ್ತೂ ಹೊಂದಲ್ಲ.

ಇದನ್ನು ಕೇಳಿ ಕೆಲವರು ಹೇಳುತ್ತಾರೆ: "ಹಾಗಾದರೆ ನಾಲ್ಕು ಗಂಟೆಗೆ ಏಳಿ." ಬಹಳ ಸುಲಭದ ಸಲಹೆ. ಹಾಲು ಕುಡಿಯುವ ಕೂಸು ರಾತ್ರಿ ಎಷ್ಟು ಸಲ ಎಬ್ಬಿಸಿತ್ತು ಅಂತ ಯಾರೂ ಕೇಳಲ್ಲ. ನಾಲ್ಕಕ್ಕೆ ಏಳೋದು ಅಂದರೆ ನಿದ್ದೆಯಿಂದ ಎರಡು ಗಂಟೆ ಕಿತ್ತುಕೊಳ್ಳೋದು, ಅಷ್ಟೇ. ಡಬ್ಬಿಯ ಕೆಲಸ ಹಾಗೇ ಇದೆ. ವ್ಯಾನೂ ಹಾಗೇ ಇದೆ. ಹೋದದ್ದು ಅವಳ ನಿದ್ದೆ ಮಾತ್ರ.

ನನ್ನ ಮಾತೆಲ್ಲ ಇಷ್ಟೇ. ಹಾಡಿಗೆ ಬೇಕಾದ ಸಮಯವನ್ನು ನಾವು ಮನೆಯಿಂದ ಕೇಳಿ ಪಡೆಯಲ್ಲ, ನಮ್ಮ ಮೈಯಿಂದ ತೆಗೆದುಕೊಳ್ಳುತ್ತೇವೆ. ಮೊದಲು ನಿದ್ದೆ ಹೋಗುತ್ತೆ. ಆಮೇಲೆ ಹೊತ್ತಿಗೆ ಸರಿಯಾದ ಊಟ. ಆಮೇಲೆ ವಾಕಿಂಗ್. ಬಡ್ಡಿ ಮುಗಿದ ಮೇಲೆ ಅಸಲಿಗೇ ಕೈ ಹಾಕಿದ ಹಾಗೆ. ಮತ್ತೆ ಹಾಡುವವಳಿಗೆ ಮೈಯೇ ವಾದ್ಯ ಅಲ್ವಾ? ಸಿತಾರ್ ಒಡೆದರೆ ವಾದ್ಯ ಮಾಡುವವರ ಊರಾದ ಮೀರಜ್‌ಗೆ ಕಳಿಸಿ ರಿಪೇರಿ ಮಾಡಿಸಬಹುದು.

ಭಾರತ ಸರ್ಕಾರ 2024ರಲ್ಲಿ ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಈ 88 ಕೂಡ ಮನೆಗೆಲಸ ಮಾಡುತ್ತೇನೆ ಅಂದ ಗಂಡಸರ ಸರಾಸರಿ. ಮಾಡದೇ ಇರುವವರು ಈ ಲೆಕ್ಕದೊಳಗೆ ಬಂದೇ ಇಲ್ಲ. ಮಕ್ಕಳನ್ನು, ಹಿರಿಯರನ್ನು ನೋಡಿಕೊಳ್ಳೋದು ಇದರ ಮೇಲೆ ಬೇರೆ. ಈ ಎರಡು ಅಂಕಿಗಳ ನಡುವೆ ಮೂರು ಗಂಟೆಗೂ ಜಾಸ್ತಿ ಇದೆ. ಒಳ್ಳೆಯ ರಿಯಾಜಿಗೆ, ಅಂದರೆ ದಿನದ ಹಾಡಿನ ಅಭ್ಯಾಸಕ್ಕೆ, ಅಷ್ಟೇ ಸಾಕು.

ಹಳೆಯ ಕಾಲದಲ್ಲಿ ಹೆಂಗಸರು ಇದಕ್ಕೊಂದು ದಾರಿ ಹುಡುಕಿಕೊಂಡಿದ್ದರು. ಕೆಲಸದೊಳಗೇ ಹಾಡನ್ನು ಇಟ್ಟುಬಿಟ್ಟರು. ಬೀಸುವ ಪದಗಳು ಹುಟ್ಟಿದ್ದು ಹಾಗೇ. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತು ತ್ರಿಪದಿ ಕಟ್ಟುತ್ತಾ ಹೋದರು. ಕಲ್ಲು ಒಂದು ಸುತ್ತು ಬರೋದಕ್ಕೂ ಸಾಲು ಹೊರಳೋದಕ್ಕೂ ಲೆಕ್ಕ ಕೂಡುತ್ತಿತ್ತು. ತವರಿನ ನೆನಪು, ತೊಟ್ಟಿಲ ಕೂಸು, ಅತ್ತೆಯ ಮೇಲಿನ ಸಿಟ್ಟು, ಎಲ್ಲ ಅದರಲ್ಲೇ ಬಂತು. ಹಲಸಂಗಿ ಗೆಳೆಯರು ಅಂತ ಹೆಸರಾದ ಬರಹಗಾರರು ಇಂಥ ಪದಗಳನ್ನು ಊರೂರಲ್ಲಿ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಂತ ತಂದರು. ದೊಡ್ಡ ಕೆಲಸ, ಅದಿಲ್ಲದಿದ್ದರೆ ನಮಗೆ ಇವತ್ತು ಅಷ್ಟು ಪದಗಳು ಸಿಗುತ್ತಿರಲಿಲ್ಲ. ಆದರೆ ಕಟ್ಟಿದ ಗರತಿಯರ ಹೆಸರು ಯಾವುದೂ ಇಲ್ಲ. ಬೆಳಗಾದ ಮೇಲೆ ಹಿಟ್ಟು ಮನೆಯವರಿಗೆ ಸಿಕ್ಕಿತು, ಹಾಡು ಗಾಳಿಗೆ ಹೋಯಿತು.

ಈಗ ಬೀಸುಕಲ್ಲಿನ ಜಾಗದಲ್ಲಿ ಮಿಕ್ಸರ್ ಇದೆ. ಅದರ ಮುಂದೆ ಹಾಡೋಕೆ ಆಗುತ್ತಾ? ಅಡುಗೆ ಮಾಡುತ್ತಾ ರಿಯಾಜ್ ಮಾಡಿ ಅನ್ನುವವರಿಗೆ ನಾನು ಹೇಳೋದು, ಅಡುಗೆ ಮಾಡುತ್ತಾ ಗುನುಗಬಹುದು, ಪಲ್ಟಾ, ಅಂದರೆ ಸ್ವರಗಳ ವರಸೆ, ಬಾಯಿಪಾಠ ಮಾಡಬಹುದು, ಕೇಳಿದ ಬಂದಿಶ್, ಅಂದರೆ ರಾಗದಲ್ಲಿ ಕಟ್ಟಿದ ಹಾಡು, ನೆನಪು ಮಾಡಿಕೊಳ್ಳಬಹುದು. ಒಗ್ಗರಣೆ ಹೊಗೆಯಲ್ಲಿ ಖರ್ಜ ಹಿಡಿಯೋಕೆ ಆಗಲ್ಲ. ಬಾಗಿಲು ಹಾಕಿಕೊಂಡು, ನೆಟ್ಟಗೆ ಕೂತು, ಯಾರೂ ಕರೆಯದ ಅರ್ಧ ಗಂಟೆ ಅದಕ್ಕೆ ಬೇಕೇ ಬೇಕು.

ಇಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರು ಬರಲೇಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ನಿಂತು ಈ ವಿಷಯ ಮಾತಾಡಿ ಅವರನ್ನು ಬಿಟ್ಟರೆ ನೀವು ನನ್ನನ್ನು ಮನೆಗೆ ಕಳಿಸಲ್ಲ. ಅವರು ಹುಟ್ಟಿದ್ದು 1913ರಲ್ಲಿ, ಇದೇ ಧಾರವಾಡದಲ್ಲಿ. ಹದಿನಾರಕ್ಕೆ ಮದುವೆ. ಬೇಗನೇ ತಾಯಿಯಾದರು. ಗುರು ಸವಾಯಿ ಗಂಧರ್ವರ ಹತ್ತಿರ ಬಿಡದೆ ಪಾಠ ನಡೆದದ್ದು ಅದಾದ ಮೇಲೆ, ಮೂವತ್ತರ ದಶಕದ ಕೊನೆಗೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಪಾಠ ಕೇಳಿ, ಸಂಜೆ ಮತ್ತೆ ರೈಲು ಹಿಡಿದು ಬರುತ್ತಿದ್ದರು. ಗುರುಗಳ ಮನೆಯಲ್ಲೇ ಉಳಿದು ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿ ಅವರನ್ನು ಸ್ಟೇಷನ್ನಿಗೆ ಬಿಟ್ಟುಬರುತ್ತಿದ್ದರು. ಒಂದೇ ಗುರು, ಒಂದೇ ಪಾಠ. ಒಬ್ಬರಿಗೆ ಗುರುಮನೆಯಲ್ಲೇ ಬೆಳಗಾಗುತ್ತಿತ್ತು, ಇನ್ನೊಬ್ಬರಿಗೆ ಕೊನೆಯ ರೈಲು ತಪ್ಪಬಾರದು ಅನ್ನುವ ಚಿಂತೆ. ನಾನು ಯಾರನ್ನೂ ಕಡಿಮೆ ಮಾಡಿ ಹೇಳುತ್ತಿಲ್ಲ. ರೈಲಿನ ಟೈಮ್ ಟೇಬಲ್ ಕೂಡ ಒಬ್ಬಳ ಸಂಗೀತದೊಳಗೆ ಬರುತ್ತೆ ಅಂತ ಹೇಳುತ್ತಿದ್ದೇನೆ.

ಪ್ರತಿ ಸನ್ಮಾನ ಸಭೆಯಲ್ಲೂ ಅವರ ಕಷ್ಟದ ಕಥೆ ಹೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಎಷ್ಟು ಕಷ್ಟಪಟ್ಟರು, ಎಲ್ಲವನ್ನೂ ನಿಭಾಯಿಸಿದರು, ನೀವೂ ಹಾಗೇ ನಿಭಾಯಿಸಿ ಅನ್ನೋದು ಅದರ ಒಳಮಾತು. ನನಗೆ ಇದು ಸರಿ ಕಾಣಲ್ಲ. ಅವರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿ. ತಾಯಿ ಅಂಬಾಬಾಯಿ ಸ್ವತಃ ಒಳ್ಳೆಯ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ತನ್ನ ಹಾಡು ಅಡ್ಡ ಬರಬಾರದು ಅಂತ ತಾವೇ ಹಾಡೋದು ನಿಲ್ಲಿಸಿದರು. ಬಂಧುವೇ ಆದ ಶೇಷಗಿರಿ ಹಾನಗಲ್ ತಬಲಾಕ್ಕೆ ಕೂರುತ್ತಿದ್ದರು. ಮಗಳು ಕೃಷ್ಣಾ ಬೆಳೆದ ಮೇಲೆ ವರ್ಷಗಟ್ಟಲೆ ಅಮ್ಮನ ಹಿಂದೆ ಕೂತು ದನಿಗೂಡಿಸಿದರು. ಅಂದರೆ ಆ ಮನೆಯೇ ಹಾಡಿನ ಸುತ್ತ ಹೊಂದಿಕೊಂಡಿತ್ತು. ದುಡ್ಡಿನ ಕಷ್ಟ ಇತ್ತು, ಜಾತಿಯ ಮಾತು ಕೇಳಬೇಕಾಯಿತು, ಅದೆಲ್ಲ ನಿಜ. ಕಷ್ಟ ಅವರನ್ನು ಬೆಳೆಸಲಿಲ್ಲ. ಹಾಡು ಮೊದಲು ಅಂತ ಒಪ್ಪಿಕೊಂಡ ಜನ ಸುತ್ತ ಇದ್ದರು. ಕೃಷ್ಣಾ ಅವರ ಸ್ವಂತ ಕಛೇರಿಗಳ ಲೆಕ್ಕ ಯಾರು ಇಟ್ಟರು ಅನ್ನೋದು ಇನ್ನೊಂದು ಪ್ರಶ್ನೆ. ಅಮ್ಮನ ಹಾಡಿಗೆ ಮಗಳು ತೆತ್ತ ಬೆಲೆ ಅದು. 2004ರಲ್ಲಿ ಅವರು ಅಮ್ಮನಿಗಿಂತ ಮೊದಲೇ ತೀರಿಕೊಂಡರು.

ಗಂಗೂಬಾಯಿಯವರ ದನಿಯ ಕಥೆ ನಿಮಗೆಲ್ಲ ಗೊತ್ತು. ಮೊದಲ ರೆಕಾರ್ಡುಗಳಲ್ಲಿ ತೆಳು ದನಿ. ಗಂಟಲಿನ ಟಾನ್ಸಿಲ್ ತೊಂದರೆಗೆ ಚಿಕಿತ್ಸೆ ಆದ ಮೇಲೆ ದನಿ ಇಳಿದು ಆ ಗಂಭೀರ ಕಂಠವಾಯಿತು. ಬೇರೆಯವರಾಗಿದ್ದರೆ ದನಿ ಹೋಯಿತು ಅಂತ ಕೂತುಬಿಡುತ್ತಿದ್ದರು. ಅವರು ಶ್ರುತಿ ಇಳಿಸಿಕೊಂಡರು, ಹೊಸ ದನಿಗೆ ತಕ್ಕ ಹಾಗೆ ಹಾಡೋದು ಕಲಿತರು. ಮೈ ಬದಲಾದಾಗ ಹಾಡೂ ಬದಲಾಗಬೇಕು. ಹೆರಿಗೆ ಆದವರಿಗೆ ನಾನು ಇದನ್ನೇ ಹೇಳುತ್ತಾ ಬಂದಿದ್ದೇನೆ.

ಈಗ ಆರೋಗ್ಯದ ಮಾತು. ಇದರ ಬಗ್ಗೆ ಸ್ವಲ್ಪ ಬಿಚ್ಚಿ ಮಾತಾಡುತ್ತೇನೆ. ಗಂಡಸರು ಬೇಕಾದರೆ ಹೊರಗೆ ಚಹಾ ಕುಡಿದು ಬರಬಹುದು. ಕೂತಿದ್ದರೆ ಇನ್ನೂ ಒಳ್ಳೆಯದು.

ಬಸುರಿನ ಕೊನೆಯ ತಿಂಗಳುಗಳಲ್ಲಿ ಗರ್ಭ ಮೇಲೆ ಬಂದು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವನ್ನು, 4 ಸೆಂಟಿಮೀಟರ್‌ವರೆಗೂ ಮೇಲಕ್ಕೆ ತಳ್ಳುತ್ತೆ. ಉಸಿರನ್ನು ಹಿಡಿದು ಆಡಿಸುವ ಜಾಗವೇ ಕಡಿಮೆ. ಹಾರ್ಮೋನುಗಳಿಂದ ಧ್ವನಿ ತಂತುಗಳೂ ಸ್ವಲ್ಪ ಊದಿಕೊಳ್ಳುತ್ತವೆ. ಎದೆಯುರಿ ಬೇರೆ, ಹುಳಿ ಗಂಟಲಿನವರೆಗೂ ಬರುತ್ತೆ. ಆಗ ತಾನ್, ಅಂದರೆ ವೇಗದ ಸ್ವರಗಳ ಓಟ, ಬರುತ್ತಿಲ್ಲ ಅಂತ ಅಳಬೇಡಿ. ಚಿಕ್ಕ ಚಿಕ್ಕ ವಾಕ್ಯ ಹಾಡಿ, ಉಸಿರು ಸಾಕಾಗುವಷ್ಟೇ. ವಿಲಂಬಿತದ ನಿಧಾನ ಗತಿಯಲ್ಲಿ ಉದ್ದ ಎಳೆಯೋದನ್ನು ಕೂಸಿಗೆ ಬಿಟ್ಟುಬಿಡಿ, ಹುಟ್ಟಿದ ಮೇಲೆ ಅದು ಎಳೆಯುತ್ತೆ, ರಾತ್ರಿ ಎರಡು ಗಂಟೆಗೆ.

ಹೆರಿಗೆಯ ಮೇಲೆ ಬಾಣಂತನ. ನಮ್ಮ ಕಡೆ ಅಂಟಿನ ಉಂಡಿ, ಅಳ್ವಿ ಪಾಯಸ, ಸಬ್ಬಸಿಗೆ, ಬೆಳ್ಳುಳ್ಳಿ, ಎಣ್ಣೆ ನೀರು. ನನಗೆ ಬಾಣಂತನದ ಮೇಲೆ ಬಹಳ ಗೌರವ. ಹೆಣ್ಣಿನ ಬದುಕಿನಲ್ಲಿ ಇಡೀ ಮನೆ ಸೇರಿ ನಿನ್ನ ಮೈ ಮೊದಲು, ಉಳಿದದ್ದು ಆಮೇಲೆ ಅಂತ ಒಪ್ಪಿಕೊಳ್ಳೋದು ಆ ಮೂರು ತಿಂಗಳು ಮಾತ್ರ. ತವರಿನಿಂದ ಗಾಡಿ ಹತ್ತಿದ ದಿನ ಆ ಒಪ್ಪಂದ ಮುಗಿಯಿತು. ಆದರೆ ಎರಡು ವಿಷಯಕ್ಕೆ ಅಜ್ಜಿಯರ ಜೊತೆ ಜಗಳ ಆಡಲೇಬೇಕು. ಒಂದು, ನೀರು ಕಡಿಮೆ ಕುಡಿಯಬೇಕು ಅನ್ನೋದು. ಹಾಲುಣಿಸುವ ತಾಯಿಗೆ ನೀರು ಜಾಸ್ತಿಯೇ ಬೇಕು, ಹಾಡುವವಳ ಗಂಟಲಿಗೆ ಇನ್ನೂ ಬೇಕು. ಇನ್ನೊಂದು, ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ. ಅದು ಕೂಸಿನ ಪುಪ್ಪುಸಕ್ಕೂ ಒಳ್ಳೆಯದಲ್ಲ, ನಿಮ್ಮ ಗಂಟಲಿಗೂ ಅಲ್ಲ. ಉಂಡಿ ತಿನ್ನಿ, ನೀರು ಕುಡಿಯಿರಿ, ಹೊಗೆ ಬೇಡ ಅನ್ನಿ. ಅಜ್ಜಿಗೆ ಸಿಟ್ಟು ಬಂದರೆ ಇನ್ನೊಂದು ಉಂಡಿ ಕೇಳಿ, ಇಳಿಯುತ್ತೆ.

ಆಮೇಲೆ ಯಾರೂ ಮಾತಾಡದ ವಿಷಯ. ತಾರ ಷಡ್ಜಕ್ಕೆ ಏರಿದಾಗ, ಇಲ್ಲ ಜೋರಾಗಿ ನಕ್ಕಾಗ, ಕೆಮ್ಮಿದಾಗ ನಾಲ್ಕು ಹನಿ ಮೂತ್ರ ಜಾರೋದು. ಎಷ್ಟು ಹಾಡುಗಾರ್ತಿಯರು ಇದೇ ಕಾರಣಕ್ಕೆ ಮಗು ಆದ ಮೇಲೆ ವೇದಿಕೆ ಬಿಟ್ಟಿದ್ದಾರೆ ಗೊತ್ತಾ? ಯಾರಿಗೂ ಹೇಳಲ್ಲ. ದನಿ ಸರಿ ಇಲ್ಲ ಅಂತ ನೆಪ ಹೇಳುತ್ತಾರೆ. ಇದು ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲ ಆಗಿರೋದು, ಅಷ್ಟೇ. ಕೆಗಲ್ ವ್ಯಾಯಾಮ ಅಂತ ಇದೆ, ಫಿಸಿಯೋಥೆರಪಿಸ್ಟ್ ಸರಿಯಾಗಿ ಹೇಳಿಕೊಡುತ್ತಾರೆ. ಕೆಲವು ತಿಂಗಳು ಬಿಡದೆ ಮಾಡಿದರೆ ಬಹಳ ಜನರಿಗೆ ಗುಣ ಕಾಣುತ್ತೆ. ಸಿಸೇರಿಯನ್ ಆದವರಿಗೆ ಹೊಟ್ಟೆಯ ಸ್ನಾಯುಗಳೂ ಹಾಗೇ, ಮತ್ತೆ ಕಟ್ಟಬೇಕು. ನಾವು ಹಾಡೋದು ಹೊಟ್ಟೆಯಿಂದ ತಾನೆ? ಡಾಕ್ಟರು ಸರಿ ಅನ್ನುವ ತನಕ ಜೋರು ತಾನ್ ಬೇಡ.

ಇನ್ನೊಂದು, ಥೈರಾಯ್ಡ್. ಹೆರಿಗೆಯಾದ ವರ್ಷದೊಳಗೆ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತೆ. ದನಿ ಭಾರ, ಸುಸ್ತು, ಕೂದಲು ಉದುರೋದು, ಸುಮ್ನೆ ಅಳು ಬರೋದು. "ಮಗು ಆದ್ಮೇಲೆ ಇದ್ದದ್ದೇ" ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು, ಆದರೆ ಒಂದು ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಅಳು ನಿಲ್ಲದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದೂ ಕಾಯಿಲೆಯೇ. ದನಿ ಒಡೆದದ್ದು ಮೂರು-ನಾಲ್ಕು ವಾರ ಕಳೆದರೂ ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಜೇಷ್ಠಮಧು ಬಾಯಲ್ಲಿ ಇಟ್ಟುಕೊಂಡೇ ಹೋಗಿ, ಬೇಡ ಅನ್ನಲ್ಲ, ಆದರೆ ಹೋಗಿ.

ಊಟದ ಬಗ್ಗೆ ಉದ್ದ ಮಾತಾಡಲ್ಲ, ನೀವೆಲ್ಲ ನನಗಿಂತ ಚೆನ್ನಾಗಿ ಅಡುಗೆ ಮಾಡುತ್ತೀರಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇದೆ. ಅಂದರೆ ಈ ಸಾಲಿನಲ್ಲಿ ಕೂತವರಲ್ಲಿ ಹತ್ತಿರಹತ್ತಿರ ಅರ್ಧ ಜನ. ರಕ್ತ ಕಡಿಮೆ ಇದ್ದವಳಿಗೆ ಉಸಿರು ನಿಲ್ಲಲ್ಲ, ಆಲಾಪ ನಿಲ್ಲಲ್ಲ. ಆಗ ಗುರುಗಳು ರಿಯಾಜ್ ಸಾಲದು ಅಂತ ಬೈಯುತ್ತಾರೆ. ಹಿಮೋಗ್ಲೋಬಿನ್ ಸಾಲದು ಅಂತ ಅವರಿಗೇನು ಗೊತ್ತು! ರೊಟ್ಟಿ ಜೊತೆ ಪುಂಡಿ ಪಲ್ಯ, ಮೊಳಕೆ ಕಾಳು, ಮೇಲೊಂದು ಲಿಂಬೆ ಹೋಳು. ಲಿಂಬೆ ಹುಳಿ ಕಬ್ಬಿಣದಂಶ ಮೈಗೆ ಹತ್ತೋಕೆ ಸಹಾಯ ಮಾಡುತ್ತೆ, ಊಟದ ಜೊತೆ ಚಹಾ ಅದನ್ನೇ ತಡೆಯುತ್ತೆ. ಚಹಾ ಬಿಡಿ ಅಂತ ಧಾರವಾಡದಲ್ಲಿ ಹೇಳುವ ಧೈರ್ಯ ನನಗಿಲ್ಲ. ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿಯಿರಿ. ಮತ್ತೆ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಬಳಿದು ತಿನ್ನೋದನ್ನು ನಿಲ್ಲಿಸಿ. ಅದರಿಂದ ಕೆಳಗಿನ ಅನ್ನ ಸಿಗುತ್ತೆ, ಮೇಲಿನ ಪಲ್ಯ ಸಿಗಲ್ಲ.

ಇನ್ನು ವೇದಿಕೆಯವರ ಕಡೆಗೆ ಎರಡು ಮಾತು. ಸಂಬಳದ ಕೆಲಸದಲ್ಲಿರುವ ತಾಯಿಗೆ 2017ರ ತಿದ್ದುಪಡಿ ಆದ ಮೇಲೆ 26 ವಾರ ಹೆರಿಗೆ ರಜೆ ಇದೆ. ಕಛೇರಿ ಸಂಭಾವನೆ, ಮನೆಪಾಠ ಇವುಗಳ ಮೇಲೆ ಬದುಕುವ ಹಾಡುಗಾರ್ತಿಗೆ ಯಾವ ರಜೆಯೂ ಇಲ್ಲ. ಆರು ತಿಂಗಳು ಕಾಣದಿದ್ದರೆ ಸಂಘಟಕರ ಫೋನಿನಲ್ಲಿ ಅವಳ ಹೆಸರು ಕೆಳಗೆ ಜಾರಿಹೋಗುತ್ತೆ. ಒಂದು ಊರಿನಲ್ಲಿ, ಊರಿನ ಹೆಸರು ಬೇಡ, ನಾನು ಕೂಸನ್ನು ಕರೆದುಕೊಂಡು ಹಾಡೋಕೆ ಹೋಗಿದ್ದೆ. ಗ್ರೀನ್ ರೂಮಿನಲ್ಲಿ ಎಂಟು ಜನ ಗಂಡಸರು ತಾಂಬೂಲ ಹಾಕಿಕೊಂಡು ಕೂತಿದ್ದರು. ಹಾಲು ಕುಡಿಸೋಕೆ ಜಾಗ ಕೇಳಿದೆ. ಸ್ವಯಂಸೇವಕ ಹುಡುಗ ಪಾಪ ನಾಚಿಕೊಂಡು ಕುರ್ಚಿಗಳನ್ನು ಪೇರಿಸಿಟ್ಟ ಗೋದಾಮಿನ ಬಾಗಿಲು ತೆಗೆದ. ಅಲ್ಲೇ ಕೂತು ಕುಡಿಸಿದೆ, ಶಾಮಿಯಾನದ ಬಟ್ಟೆಯ ಧೂಳಿನಲ್ಲಿ. ಆಮೇಲೆ ವೇದಿಕೆಗೆ ಹೋಗಿ ಸೀನುತ್ತಾ ಮಾರವಾ ರಾಗ ಹಾಡಿದೆ. ಒಂದು ಪರದೆ, ಒಂದು ಕುರ್ಚಿ, ಒಂದು ಬಾಟಲಿ ನೀರು. ಇಷ್ಟಕ್ಕೆ ಯಾವ ಅನುದಾನವೂ ಬೇಡ. ಚಿಕ್ಕ ಮಕ್ಕಳಿರುವವರನ್ನು ಹಾಡಿಸೋದಾದರೆ ಸಂಜೆಯ ಮೊದಲ ಸರದಿ ಕೊಡಿ. ಮಧ್ಯರಾತ್ರಿಯ ದರಬಾರಿ ರಾಗವನ್ನು ಮಕ್ಕಳು ದೊಡ್ಡವರಾದ ಮೇಲೆ ಹಾಡುತ್ತೇವೆ.

ಮನೆಯಲ್ಲಿ ನಾನು ಏನು ಮಾಡಿದೆ ಅಂತ ಕೇಳುತ್ತೀರಿ. ಮಕ್ಕಳು ಚಿಕ್ಕವರಿದ್ದಾಗ ಬೆಳಗಿನ ರಿಯಾಜನ್ನು ಮಧ್ಯಾಹ್ನಕ್ಕೆ ಸರಿಸಿದೆ. ಕೂಸು ಮಲಗಿದಾಗ ಎಲೆಕ್ಟ್ರಾನಿಕ್ ತಂಬೂರಿಯನ್ನು ಸಣ್ಣ ದನಿಯಲ್ಲಿ ಇಟ್ಟು ಮಧ್ಯಾಹ್ನದ ಸಾರಂಗ ರಾಗ ಹಾಡುತ್ತಿದ್ದೆ. ಈ ಪೆಟ್ಟಿಗೆ ಕಂಡುಹಿಡಿದವರಿಗೆ ತಾಯಂದಿರೆಲ್ಲ ಸೇರಿ ಸನ್ಮಾನ ಮಾಡಬೇಕು. ಮೊದಲು ತಂಬೂರಿ ಹಿಡಿಯೋಕೆ ಇನ್ನೊಬ್ಬರು ಬೇಕಿತ್ತು, ಶ್ರುತಿ ಕೂಡಿಸೋದಕ್ಕೇ ಕೂಸು ಎದ್ದುಬಿಡುತ್ತಿತ್ತು. ಮಧ್ಯಾಹ್ನ ಹಾಡಿದ್ದರಿಂದ ನನ್ನ ಭೈರವ್ ಕೆಲವು ವರ್ಷ ಹಿಂದೆ ಬಿತ್ತು, ಸಾರಂಗ ಚೆನ್ನಾಗಿ ಕೂತಿತು. ಇರಲಿ. ಆಮೇಲೆ ಆರು ಗಂಟೆಯನ್ನು ಮನೆಯಿಂದ ಕೇಳಿ ಪಡೆದೆ. ಸುಲಭವಾಗಿ ಸಿಗಲಿಲ್ಲ. ಕೆಲವು ದಿನ ಮಕ್ಕಳು ಬ್ರೆಡ್ಡು ಜಾಮು ತಗೊಂಡು ಹೋದರು. ಏನೂ ಆಗಲಿಲ್ಲ ಅವರಿಗೆ.

ಪ್ರಶ್ನೆಗಳಿಗೆ ಬರೋಣ.

"ನನಗೀಗ ನಲವತ್ತೆರಡು. ಮದುವೆಗೆ ಮೊದಲು ಕಲಿತಿದ್ದೆ. ಈಗ ಮತ್ತೆ ಶುರು ಮಾಡಿದರೆ ನಗುತ್ತಾರಾ?" ಅಂತ ಒಬ್ಬರು ಕೇಳಿದರು.

ನಗಲಿ ಬಿಡಿ. ತೀರ್ಥಹಳ್ಳಿ ಕಡೆಯ ಎಂ.ಕೆ. ಇಂದಿರಾ ಕಾದಂಬರಿ ಬರೆಯೋಕೆ ಶುರು ಮಾಡಿದ್ದೇ ನಲವತ್ತೈದರ ಹೊತ್ತಿಗೆ, ಸಂಸಾರ ಎಲ್ಲ ಮಾಡಿದ ಮೇಲೆ. ಆಮೇಲೆ 'ಫಣಿಯಮ್ಮ' ಬಂತು. ಆದರೆ ಬರವಣಿಗೆಗೂ ಹಾಡಿಗೂ ಒಂದು ವ್ಯತ್ಯಾಸ ಇದೆ. ಮುಟ್ಟು ನಿಲ್ಲುವ ಹೊತ್ತಿಗೆ ಹೆಂಗಸರ ದನಿ ಸ್ವಲ್ಪ ಇಳಿಯುತ್ತೆ, ಗಂಟಲು ಒಣಗುತ್ತೆ. ಕಾಲೇಜಿನಲ್ಲಿ ಹಾಡಿದ ಶ್ರುತಿಯಲ್ಲೇ ಹಾಡಬೇಕು ಅಂತ ಹಟ ಬೇಡ. ಅರ್ಧ ಸ್ವರ, ಬೇಕಾದರೆ ಒಂದು ಸ್ವರ ಇಳಿಸಿ. ಮೊದಲ ಎರಡು ತಿಂಗಳು ಮಂದ್ರ, ಮಧ್ಯ ಅಷ್ಟೇ. ವೇದಿಕೆಯ ಚಿಂತೆ ಆಮೇಲೆ ಮಾಡೋಣ.

ಇನ್ನೊಬ್ಬರು, ಚಿಕ್ಕ ಹುಡುಗಿ, ಕೇಳಿದಳು: "ಮಕ್ಕಳೇ ಬೇಡ ಅಂದರೆ?" ಅದು ನಿನ್ನ ಇಷ್ಟ ತಾಯಿ. ಹಾಡಿಗೋಸ್ಕರ ಬೇಡ ಅನ್ನೋದಾದರೆ ಮಾತ್ರ ಒಂದು ಸಲ ಯೋಚನೆ ಮಾಡು. ಹಾಡಿಗೆ ಅಡ್ಡ ಬರೋದು ಕೂಸಲ್ಲ, ಕೂಸಿನ ಕೆಲಸವನ್ನೆಲ್ಲ ಒಬ್ಬಳ ಮೇಲೆ ಹಾಕೋದು.

ಕೊನೆಯ ಪ್ರಶ್ನೆ ಗಂಡಸರಿಂದ ಬಂತು, ಹೆಂಡತಿಯನ್ನು ಬಿಡೋಕೆ ಬಂದು ಹಿಂದಿನ ಸಾಲಿನಲ್ಲಿ ಕೂತುಬಿಟ್ಟವರು. "ನಾವು ಏನು ಸಹಾಯ ಮಾಡಬಹುದು, ಹೇಳಿ ಮೇಡಂ."

ಒಳ್ಳೆಯ ಪ್ರಶ್ನೆ. ಸಹಾಯ ಬೇಡ ಸರ್, ಒಂದು ಕೆಲಸವನ್ನು ಪೂರ್ತಿ ತಗೊಳ್ಳಿ. ಸೋಮವಾರದಿಂದ ಶನಿವಾರದ ತನಕ ಮಕ್ಕಳ ಬೆಳಗಿನ ಡಬ್ಬಿ ನಿಮ್ಮದು. ಪೂರ್ತಿ ಅಂದರೆ, ಹಿಂದಿನ ರಾತ್ರಿಯೇ ಅವಲಕ್ಕಿ ಇದೆಯಾ, ಕರಿಬೇವು ಇದೆಯಾ ಅಂತ ನೋಡೋದೂ ನಿಮ್ಮದೇ. ಸಣ್ಣವನಿಗೆ ಮೆಣಸಿನಕಾಯಿ ಆಗಲ್ಲ ಅಂತ ನೆನಪಿಟ್ಟುಕೊಳ್ಳೋದೂ ನಿಮ್ಮದೇ. ಡಬ್ಬಿಯ ಮುಚ್ಚಳ ಕಾಣದಿದ್ದರೆ ನೀವೇ ಹುಡುಕಿ, ಸಿಂಕಿನ ಕೆಳಗಿನ ಬುಟ್ಟಿಯಲ್ಲಿ ಇರುತ್ತೆ. ಒಳಗೆ ಅವರು ಖರ್ಜ ಹಿಡಿದಿರುತ್ತಾರೆ. ಬಾಗಿಲು ಬಡಿದು "ಇವತ್ತು ಏನು ಮಾಡ್ಲಿ?" ಅಂತ ಮಾತ್ರ ಕೇಳಬೇಡಿ.